ಬಡ್ ಪೊವೆಲ್: ಎಡಗೈಗೆ ಬಿಡುವು ಕೊಟ್ಟ ಪಿಯಾನೋ ವಾದಕ

ಅಮೆರಿಕಕ್ಕೆ ಓದೋಕೆ ಬಂದ ನಮ್ಮಲ್ಲಿ ಹೆಚ್ಚಿನವರಿಗೆ ಜಾಜ್ ಅಂದ್ರೆ ಕಾಫಿ ಅಂಗಡಿಯಲ್ಲಿ ಮೆಲ್ಲಗೆ ಕೇಳಿಸೋ ಸಂಗೀತ. ಲ್ಯಾಪ್‌ಟಾಪ್ ತೆರೆದು ಅಸೈನ್‌ಮೆಂಟ್ ಮಾಡುವಾಗ ಕಿವಿಗೆ ತೊಂದರೆ ಕೊಡದ ಏನೋ ಒಂದು. ಆದರೆ 1940ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ‘ಬೀಬಾಪ್’ ಅನ್ನೋ ಜಾಜ್ ಹಿನ್ನೆಲೆಗಾಗಿ ಮಾಡಿದ್ದೇ ಅಲ್ಲ. ಅದು ಕೂತು ಕೇಳಿ ಅಂತ ಹಟ ಹಿಡಿಯೋ ಸಂಗೀತ. ಅದನ್ನು ಹುಟ್ಟುಹಾಕಿದವರು ಅಂದ ತಕ್ಷಣ ಸ್ಯಾಕ್ಸೋಫೋನಿನ ಚಾರ್ಲಿ ಪಾರ್ಕರ್, ಟ್ರಂಪೆಟ್ಟಿನ ಡಿಜ್ಜಿ ಗಿಲೆಸ್ಪಿ ಹೆಸರು ಬರುತ್ತೆ. ಅದೇ ಭಾಷೆಯನ್ನು ಪಿಯಾನೋ ಮೇಲೆ ಆಡೋದು ಹೇಗೆ ಅಂತ ತೋರಿಸಿದವನು ಬಡ್ ಪೊವೆಲ್. ಇವತ್ತು ಜಗತ್ತಿನ ಯಾವುದೇ ಊರಿನ ಜಾಜ್ ಕ್ಲಬ್ಬಿಗೆ ಹೋಗಿ ಪಿಯಾನೋ ಕೇಳಿದರೂ ಅಲ್ಲಿ ಅವನ ಕೈಗುರುತು ಸಿಗುತ್ತೆ.

ಅವನ ಬಗ್ಗೆ ಬರೆದದ್ದನ್ನು ಓದಲು ಹೊರಟರೆ ಬೇಗ ಸಿಗೋದು ಮಾತ್ರ ಇನ್ನೊಂದು ಕತೆ: ಹುಚ್ಚು ಹಿಡಿದ ಪ್ರತಿಭಾವಂತ, ಆಸ್ಪತ್ರೆ, ಕುಡಿತ, 41ಕ್ಕೇ ಸಾವು. ಆ ಘಟನೆಗಳು ಸುಳ್ಳಲ್ಲ. ಆದರೆ ಅವುಗಳನ್ನು ಜೋಡಿಸಿ ಹೇಳೋ ರೀತಿ ತಪ್ಪು ಅನ್ನೋದು ನಮ್ಮ ವಾದ. ತಾರೀಖುಗಳನ್ನು ಒಂದು ಸಾಲಿನಲ್ಲಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತೆ. ಮೊದಲು ಅವನು ಮಾಡಿದ ಕೆಲಸ ಏನು ಅಂತ ನೋಡೋಣ, ಆಮೇಲೆ ಅವನಿಗೆ ಆದದ್ದೇನು ಅಂತ.

ಹಾರ್ಲೆಮ್‌ನ ಹುಡುಗ

ಪೂರ್ತಿ ಹೆಸರು ಅರ್ಲ್ ರುಡಾಲ್ಫ್ ಪೊವೆಲ್. ಹುಟ್ಟಿದ್ದು 1924ರ ಸೆಪ್ಟೆಂಬರ್ 27ರಂದು, ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ. ಆಫ್ರಿಕನ್ ಅಮೆರಿಕನ್ನರ ಬರವಣಿಗೆ, ಚಿತ್ರಕಲೆ, ಸಂಗೀತ ಎಲ್ಲ ಒಟ್ಟಿಗೇ ಅರಳುತ್ತಿದ್ದ ಜಾಗ, ಅರಳುತ್ತಿದ್ದ ಕಾಲ. ಅಪ್ಪ ವಿಲಿಯಂ ಪೊವೆಲ್ ಸ್ವತಃ ಪಿಯಾನೋ ನುಡಿಸುತ್ತಿದ್ದವರು. ಅಣ್ಣ ವಿಲಿಯಂ ಟ್ರಂಪೆಟ್ ಮತ್ತು ಪಿಟೀಲು ನುಡಿಸುತ್ತಿದ್ದ. ತಮ್ಮ ರಿಚಿಯೂ ಮುಂದೆ ಪಿಯಾನೋ ವಾದಕನೇ ಆದ.

ಬಡ್‌ಗೆ ಸುಮಾರು 5 ವರ್ಷವಾಗಿದ್ದಾಗಲೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಾಠ ಶುರುವಾಯಿತು. ಬಾಖ್, ಶೋಪೇನ್, ಬೀಥೋವನ್ ಎಲ್ಲ ಸಣ್ಣ ವಯಸ್ಸಿನಲ್ಲೇ ಕೈಗೆ ಬಂತು. ಈ ಪಾಠ ಕೊನೆಯವರೆಗೂ ಅವನನ್ನು ಬಿಡಲಿಲ್ಲ. 1957ರಲ್ಲಿ ಮಾಡಿದ ‘ಬಡ್ ಆನ್ ಬಾಖ್’ ಅನ್ನೋ ರೆಕಾರ್ಡಿಂಗ್‌ನಲ್ಲಿ ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬರೆದ ಒಂದು ಸಣ್ಣ ಕೃತಿಯನ್ನು ನುಡಿಸಿ, ಅಲ್ಲಿಂದ ನೇರ ಜಾಜ್‌ಗೆ ಜಿಗಿಯುತ್ತಾನೆ. ಇನ್ನೊಂದು ಕಡೆಯಿಂದ ಆರ್ಟ್ ಟೇಟಮ್‌ನ ಪ್ರಭಾವ. ಎರಡೂ ಕೈಯಲ್ಲಿ ಅಸಾಧ್ಯ ಅನ್ನಿಸುವಷ್ಟು ವೇಗ ಮತ್ತು ಸ್ಪಷ್ಟತೆ ಇದ್ದ ಟೇಟಮ್ ಆ ಕಾಲದ ಎಲ್ಲ ಪಿಯಾನೋ ವಾದಕರಿಗೂ ಎದುರಿಗೆ ನಿಂತ ಬೆಟ್ಟದ ಹಾಗೆ.

ಹದಿಹರೆಯದಲ್ಲೇ ಬಡ್ ಶಾಲೆ ಬಿಟ್ಟು ಹಾರ್ಲೆಮ್‌ನ ಕ್ಲಬ್ಬುಗಳಿಗೆ ಹೋಗತೊಡಗಿದ. 118ನೇ ಬೀದಿಯಲ್ಲಿದ್ದ ‘ಮಿಂಟನ್ಸ್ ಪ್ಲೇಹೌಸ್’ ಅದರಲ್ಲಿ ಮುಖ್ಯವಾದದ್ದು. ಊರಿನ ದೊಡ್ಡ ಬ್ಯಾಂಡುಗಳಲ್ಲಿ ಸಂಬಳಕ್ಕೆ ನುಡಿಸಿ ಮುಗಿಸಿದ ವಾದಕರು ರಾತ್ರಿ ಅಲ್ಲಿಗೆ ಬಂದು, ಬೆಳಗಿನ ಜಾವದವರೆಗೂ ತಮಗಿಷ್ಟ ಬಂದದ್ದನ್ನು ನುಡಿಸುತ್ತಿದ್ದರು. ಅಲ್ಲಿನ ಪಿಯಾನೋ ಮುಂದೆ ಕೂರುತ್ತಿದ್ದವನು ಥೆಲೋನಿಯಸ್ ಮಂಕ್. ಬಡ್‌ಗಿಂತ 7 ವರ್ಷ ದೊಡ್ಡವನು. ಈ ಹುಡುಗನ ಕೈಯಲ್ಲಿ ಏನಿದೆ ಅಂತ ಮೊದಲು ಗುರುತಿಸಿದವರಲ್ಲಿ ಮಂಕ್ ಒಬ್ಬ. ಉಳಿದವರು ಹುಡುಗನನ್ನು ದೂರ ಇಡಲು ನೋಡಿದಾಗ ಅವನ ಪರ ನಿಂತು, ತಾನು ಕಟ್ಟಿದ ಹೊಸ ರಾಗರಚನೆಗಳನ್ನು ಅವನಿಗೆ ಕಲಿಸಿದ.

ಬಡ್ ಆ ಋಣವನ್ನು ತೀರಿಸಿದ. 1943-44ರಲ್ಲಿ ಅವನು ಟ್ರಂಪೆಟ್ ವಾದಕ ಕೂಟಿ ವಿಲಿಯಮ್ಸ್‌ನ ಬ್ಯಾಂಡ್ ಸೇರಿದ್ದ. ಮಂಕ್‌ನ ‘ರೌಂಡ್ ಮಿಡ್‌ನೈಟ್’ ಇವತ್ತು ಜಾಜ್‌ನಲ್ಲಿ ಅತಿ ಹೆಚ್ಚು ನುಡಿಸೋ ರಚನೆಗಳಲ್ಲಿ ಒಂದು. ಅದು ಮೊದಲ ಸಲ ರೆಕಾರ್ಡ್ ಆದದ್ದು 1944ರ ಆಗಸ್ಟ್‌ನಲ್ಲಿ, ಇದೇ ಕೂಟಿ ವಿಲಿಯಮ್ಸ್ ಬ್ಯಾಂಡಿನಿಂದ. ಮಂಕ್‌ನ ‘ಆಫ್ ಮೈನರ್’ ಅನ್ನೂ ಮಂಕ್‌ಗಿಂತ ಮೊದಲು, 1947ರ ಜನವರಿಯಲ್ಲಿ, ಬಡ್ ರೆಕಾರ್ಡ್ ಮಾಡಿದ್ದ.

ಬೀಬಾಪ್ ಅಂದ್ರೆ ಏನು?

ನಮ್ಮಲ್ಲಿ ಹಲವರು ಚಿಕ್ಕವರಿದ್ದಾಗ ಒಂದೆರಡು ವರ್ಷವಾದರೂ ಸಂಗೀತದ ಪಾಠಕ್ಕೆ ಹೋದವರೇ. ಹಾಗಾಗಿ ನಮಗೆ ಗೊತ್ತಿರೋದರಿಂದಲೇ ಶುರು ಮಾಡೋಣ. ಕರ್ನಾಟಕ ಸಂಗೀತದಲ್ಲಿ ಷಡ್ಜ ಕದಲೋದಿಲ್ಲ. ತಂಬೂರಿ ಒಂದೇ ಶ್ರುತಿ ಹಿಡಿದಿರುತ್ತೆ, ಅದರ ಮೇಲೆ ರಾಗ ಬೆಳೆಯುತ್ತೆ. ಜಾಜ್‌ನಲ್ಲಿ ಕೆಳಗಿನ ನೆಲವೇ ಸರಿಯುತ್ತಾ ಇರುತ್ತೆ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಬರೋ ಗುಚ್ಛಕ್ಕೆ ಕಾರ್ಡ್ ಅಂತಾರೆ. ಒಂದು ಹಾಡಿಗೆ ಇಂಥ ಕಾರ್ಡ್‌ಗಳ ಒಂದು ಸರಣಿ ಇರುತ್ತೆ. ಸಾಮಾನ್ಯವಾಗಿ 32 ಬಾರ್‌ಗಳ ಸರಣಿ, ಒಂದೊಂದು ಬಾರ್‌ಗೆ 4 ಬೀಟ್. ಸರಣಿ ಮುಗಿದ ತಕ್ಷಣ ಮತ್ತೆ ಮೊದಲಿನಿಂದ. ತಾಳದ ಆವರ್ತ ಸುತ್ತುವ ಹಾಗೇ, ಆದರೆ ಇಲ್ಲಿ ಲಯದ ಜೊತೆಗೆ ಸ್ವರಗಳ ಆಧಾರವೂ ಸುತ್ತುತ್ತೆ. ವಾದಕ ಸ್ಥಳದಲ್ಲೇ ಕಟ್ಟೋ ಸ್ವರಮಾಲೆ ಆಯಾ ಕ್ಷಣದ ಕಾರ್ಡ್‌ಗೆ ಹೊಂದಬೇಕು.

ಬೀಬಾಪ್‌ಗಿಂತ ಮೊದಲಿದ್ದದ್ದು ‘ಸ್ವಿಂಗ್’. ಹದಿನೈದು ಇಪ್ಪತ್ತು ಜನರ ಬ್ಯಾಂಡ್, ಎದುರಿಗೆ ಕುಣಿಯೋ ಜನ. ಪಾರ್ಕರ್, ಗಿಲೆಸ್ಪಿ, ಮಂಕ್, ಡ್ರಮ್ಸ್‌ನ ಕೆನ್ನಿ ಕ್ಲಾರ್ಕ್ ಮೊದಲಾದವರಿಗೆ ಅಷ್ಟು ಸಾಕಾಗಲಿಲ್ಲ. ಅವರು ಜನಪ್ರಿಯ ಹಾಡುಗಳ ಕಾರ್ಡ್ ಸರಣಿಯನ್ನು ಮಾತ್ರ ಉಳಿಸಿಕೊಂಡು, ಮೇಲೆ ತಮ್ಮದೇ ಹೊಸ, ಅಂಕುಡೊಂಕಿನ ಮಟ್ಟು ಕಟ್ಟಿದರು. ಇರುವ ಕಾರ್ಡ್‌ಗಳ ನಡುವೆ ಇನ್ನಷ್ಟು ಕಾರ್ಡ್ ತುರುಕಿದರು. ವೇಗ ಹೆಚ್ಚಿಸಿದರು. ತಂಡ ಐದಾರು ಜನಕ್ಕೆ ಇಳಿಯಿತು. ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಕುಣಿತ ಇರೋ ಕ್ಲಬ್ಬುಗಳ ಮೇಲೆ ಅಮೆರಿಕ ಸರ್ಕಾರ ಭಾರೀ ತೆರಿಗೆ ಹಾಕಿದ್ದರಿಂದ, ಕೂತು ಕೇಳೋ ಸಣ್ಣ ತಂಡಗಳಿಗೆ ಅನುಕೂಲವೂ ಆಯಿತು. 1942ರ ಆಗಸ್ಟ್‌ನಿಂದ ವಾದಕರ ಒಕ್ಕೂಟ ರೆಕಾರ್ಡಿಂಗ್ ಬಹಿಷ್ಕರಿಸಿತ್ತು. ಹೀಗಾಗಿ ಈ ಸಂಗೀತ ಮೊಳಕೆಯೊಡೆದ ದಿನಗಳ ಧ್ವನಿಮುದ್ರಣ ತೀರಾ ಕಮ್ಮಿ. ತಟ್ಟೆಗಳು ಹೊರಬರತೊಡಗಿದಾಗ ಜನಕ್ಕೆ ಇದು ಆಕಾಶದಿಂದ ಉದುರಿದ ಹಾಗೆ ಕಂಡಿತು.

ಈ ಎರಡು ಲೋಕಗಳು, ಅಂದ್ರೆ ಬೀಬಾಪ್ ಮತ್ತು ನಮ್ಮ ಸಂಗೀತ, ಮುಂದೆ ಮುಖಾಮುಖಿ ಆದದ್ದೂ ಉಂಟು. ಚಾರ್ಲಿ ಪಾರ್ಕರ್‌ನ ಪ್ರಭಾವದಲ್ಲಿ ಬೆಳೆದ, ಬಡ್‌ಗಿಂತ ಒಂದೇ ವರ್ಷ ದೊಡ್ಡವನಾದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಜೊತೆ ನುಡಿಸಿ, 1983ರಲ್ಲಿ ‘ಜ್ಯೋತಿ’ ಅನ್ನೋ ಆಲ್ಬಮ್ ಮಾಡಿದ.

ಎಡಗೈಯ ಸಮಸ್ಯೆ

ಈಗ ಪಿಯಾನೋಗೆ ಬರೋಣ. ಬಡ್‌ನ ಅಪ್ಪನ ಕಾಲದ ಹಾರ್ಲೆಮ್ ಶೈಲಿಗೆ ‘ಸ್ಟ್ರೈಡ್’ ಅಂತ ಹೆಸರು. ಅದರಲ್ಲಿ ಎಡಗೈಗೆ ಬಿಡುವೇ ಇಲ್ಲ. ಮೊದಲ ಬೀಟ್‌ಗೆ ತೀರಾ ಕೆಳಗಿನ ಒಂದು ಮಂದ್ರ ಸ್ವರ, ಎರಡನೇದಕ್ಕೆ ಪಿಯಾನೋ ಮಧ್ಯಕ್ಕೆ ಹಾರಿ ಒಂದು ಕಾರ್ಡ್, ಮೂರನೇದಕ್ಕೆ ಮತ್ತೆ ಕೆಳಕ್ಕೆ, ನಾಲ್ಕನೇದಕ್ಕೆ ಮತ್ತೆ ಮೇಲಕ್ಕೆ. ಹೀಗೆ ಒಂದೇ ಕೈ ಲಯವನ್ನೂ ಕಾರ್ಡನ್ನೂ ಹೊತ್ತು ನಡೆಯುತ್ತಿತ್ತು. ಒಬ್ಬನೇ ನುಡಿಸುವಾಗ ಇದು ಅದ್ಭುತ. ಒಬ್ಬ ಮನುಷ್ಯ, ಪೂರ್ತಿ ಬ್ಯಾಂಡ್.

ಬೀಬಾಪ್‌ನ ವೇಗದಲ್ಲಿ ಇದು ಯಾಕೆ ನಡೆಯೋದಿಲ್ಲ ಅಂತ ಸಣ್ಣದೊಂದು ಲೆಕ್ಕ ಹಾಕೋಣ. ಇಂಜಿನಿಯರಿಂಗ್ ಓದಿದ ಚಟ, ಕ್ಷಮಿಸಿ. ವೇಗದ ಬೀಬಾಪ್ ನಿಮಿಷಕ್ಕೆ 300 ಬೀಟ್ ಮುಟ್ಟುತ್ತೆ ಅಂತಿಟ್ಟುಕೊಳ್ಳಿ. ಒಂದು ಬೀಟ್‌ಗೆ 0.2 ಸೆಕೆಂಡ್. ಬಲಗೈ ಬೀಟ್‌ಗೆ 2 ಸ್ವರದ ಹಾಗೆ ನುಡಿಸಿದರೆ ಸೆಕೆಂಡಿಗೆ 10 ಸ್ವರ. 32 ಬಾರ್‌ಗಳ ಇಡೀ ಸರಣಿ, ಅಂದ್ರೆ 128 ಬೀಟ್, 25.6 ಸೆಕೆಂಡಿನಲ್ಲಿ ಮುಗಿದುಹೋಗುತ್ತೆ. ಒಂದು ಬಾರ್‌ನಲ್ಲಿ 2 ಕಾರ್ಡ್ ಇದ್ದರೆ ಪ್ರತಿ 0.4 ಸೆಕೆಂಡಿಗೆ ನೆಲ ಸರಿಯುತ್ತೆ. ಈ ವೇಗದಲ್ಲಿ ಎಡಗೈ ಪ್ರತಿ 0.2 ಸೆಕೆಂಡಿಗೆ ಪಿಯಾನೋದ ಒಂದು ಮೂಲೆಯಿಂದ ಮಧ್ಯಕ್ಕೆ ಹಾರುತ್ತಾ ಕೂತರೆ ಕೈ ಸೋಲುತ್ತೆ. ಕೈ ಸೋಲದಿದ್ದರೂ ಕಿವಿಗೆ ಕೇಳೋದು ಬರೀ ಗದ್ದಲ.

ಇನ್ನೂ ಒಂದು ವಿಷಯ ಇದೆ. ಆ ಹೊತ್ತಿಗೆ ಲಯ ಹಿಡಿಯೋ ಕೆಲಸವನ್ನು ಬೇರೆಯವರೇ ವಹಿಸಿಕೊಂಡಿದ್ದರು. ಡಬಲ್ ಬೇಸ್ ವಾದಕ ಪ್ರತಿ ಬೀಟ್‌ಗೂ ಒಂದು ಮಂದ್ರ ಸ್ವರ ಮೀಟುತ್ತಾ ನಡೆಯುತ್ತಿದ್ದ. ಕೆನ್ನಿ ಕ್ಲಾರ್ಕ್‌ನಂಥ ಡ್ರಮ್ಮರ್‌ಗಳು ಲಯವನ್ನು ಕಾಲಿನ ದೊಡ್ಡ ಡ್ರಮ್ಮಿನಿಂದ ಮೇಲಿನ ಸಿಂಬಲ್ ತಟ್ಟೆಗೆ ವರ್ಗಾಯಿಸಿದ್ದರು. ಅಂದ್ರೆ ಒಂದೇ ಕೆಲಸಕ್ಕೆ ಮೂವರು: ಬೇಸ್, ಡ್ರಮ್ಸ್, ಮತ್ತು ಪಿಯಾನೋದ ಎಡಗೈ. ಯಾವ ವ್ಯವಸ್ಥೆಯಲ್ಲಾದರೂ ಇಂಥದ್ದು ಕಂಡರೆ ನಾವು ಏನು ಮಾಡುತ್ತೇವೆ? ಒಬ್ಬರನ್ನು ಆ ಕೆಲಸದಿಂದ ಬಿಡಿಸುತ್ತೇವೆ.

ಬಡ್ ಮಾಡಿದ್ದು ಅದನ್ನೇ. ಎಡಗೈಯನ್ನು ಕಾವಲಿನಿಂದ ಬಿಡಿಸಿದ. ಕಾರ್ಡ್‌ನ ಐದಾರು ಸ್ವರಗಳಲ್ಲಿ ಗುರುತಿಗೆ ಬೇಕಾದ ಎರಡು ಮೂರನ್ನು ಮಾತ್ರ ಇಟ್ಟುಕೊಂಡು, ಬೇಕಾದಾಗ ಮಾತ್ರ, ಹಲವು ಸಲ ಬೀಟ್‌ಗೆ ಸ್ವಲ್ಪ ಹಿಂದೆ ಮುಂದೆ, ತಟ್ಟನೆ ಕುಟ್ಟಿ ಬಿಡೋದು. ಅದು ಬಲಗೈಗೆ ‘ಹೂಂ’ಗುಟ್ಟಿದ ಹಾಗೆ, ಕೆಲವೊಮ್ಮೆ ಅಡ್ಡ ಮಾತಾಡಿದ ಹಾಗೆ ಕೇಳಿಸುತ್ತೆ. ಬಲಗೈ ಈಗ ಸ್ವತಂತ್ರ. ಅದು ಪಾರ್ಕರ್‌ನ ಸ್ಯಾಕ್ಸೋಫೋನಿನ ಹಾಗೆ ಉದ್ದುದ್ದ ಸಾಲು ಹೆಣೆಯುತ್ತಾ ಹೋಗುತ್ತೆ. ಸ್ವಾರಸ್ಯ ಏನಂದ್ರೆ ಊದೋ ವಾದ್ಯಕ್ಕೆ ಉಸಿರು ಬೇಕು, ಪಿಯಾನೋಗೆ ಬೇಡ. ಆದರೂ ಬಡ್‌ನ ಸಾಲುಗಳು ಉಸಿರು ತೆಗೆದುಕೊಳ್ಳೋಕೆ ನಿಲ್ಲುತ್ತವೆ. ರೆಕಾರ್ಡಿಂಗ್‌ಗಳಲ್ಲಿ ಹಿಂದೆ ಒಂದು ಗುನುಗು, ನರಳಾಟದಂಥ ಸದ್ದು ಕೇಳುತ್ತೆ. ಅದು ಅವನದೇ ಗಂಟಲು, ಬೆರಳುಗಳ ಜೊತೆ ಹಾಡಿಕೊಳ್ಳುತ್ತಾ.

ಪಿಯಾನೋ, ಬೇಸ್, ಡ್ರಮ್ಸ್ ಈ ಮೂರೇ ವಾದ್ಯಗಳ ತಂಡ ಇವತ್ತು ನಮಗೆ ಸಹಜ ಅನ್ನಿಸುತ್ತೆ. ಬಡ್‌ಗೆ ಮೊದಲು ಟೇಟಮ್, ನ್ಯಾಟ್ ಕಿಂಗ್ ಕೋಲ್ ಮುಂತಾದವರ ಪ್ರಸಿದ್ಧ ತ್ರಿವಳಿಗಳಲ್ಲಿ ಡ್ರಮ್ಸ್ ಬದಲು ಗಿಟಾರ್ ಇರುತ್ತಿತ್ತು. 1947ರ ಜನವರಿಯಲ್ಲಿ ಬಡ್, ಬೇಸ್‌ನ ಕರ್ಲಿ ರಸೆಲ್, ಡ್ರಮ್ಸ್‌ನ ಮ್ಯಾಕ್ಸ್ ರೋಚ್ ಸೇರಿ ಮಾಡಿದ ರೆಕಾರ್ಡಿಂಗ್ ಮುಂದಿನ ಪೀಳಿಗೆಗೆ ಮಾದರಿಯಾಯಿತು.

ಎಡಗೈ ಕಮ್ಮಿ ಬಳಸುತ್ತಾನೆ ಅಂದ ಮಾತ್ರಕ್ಕೆ ಎಡಗೈ ಬರೋದಿಲ್ಲ ಅಂತಲ್ಲ. ಜಾಜ್ ವಲಯದಲ್ಲಿ ಒಂದು ಕತೆ ಹೇಳುತ್ತಾರೆ. ‘ನೀನು ಬರೀ ಬಲಗೈ ವಾದಕ’ ಅನ್ನೋ ಅರ್ಥದಲ್ಲಿ ಟೇಟಮ್ ಒಮ್ಮೆ ಬಡ್‌ನನ್ನು ಚುಚ್ಚಿದನಂತೆ. ಬಡ್ ಏನೂ ಉತ್ತರ ಕೊಡದೆ, ವೇದಿಕೆ ಹತ್ತಿ, ಜೋರು ವೇಗದ ಒಂದು ರಚನೆಯನ್ನು ಬರೀ ಎಡಗೈಯಲ್ಲಿ ನುಡಿಸಿ ಇಳಿದನಂತೆ.

ತಲೆಗೆ ಬಿದ್ದ ಪೆಟ್ಟು

1945ರ ಜನವರಿ. ಕೂಟಿ ವಿಲಿಯಮ್ಸ್ ಬ್ಯಾಂಡ್ ಫಿಲಡೆಲ್ಫಿಯಾದಲ್ಲಿ ಕಾರ್ಯಕ್ರಮ ಕೊಡಲು ಹೋಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಪೊಲೀಸರು ಬಡ್‌ನನ್ನು ಹಿಡಿದು ತಲೆಗೆ ಹೊಡೆದರು. ಅವನಿಗೆ ಆಗ 20 ವರ್ಷ. ನಮ್ಮಲ್ಲಿ ಅನೇಕರಿಗಿಂತ ಚಿಕ್ಕವನು.

ಅಲ್ಲಿಂದ ಶುರುವಾದ ತಲೆನೋವು ನಿಲ್ಲಲಿಲ್ಲ. ನಡವಳಿಕೆ ಬದಲಾಯಿತು ಅಂತ ಹತ್ತಿರದವರು ಹೇಳಿದ್ದಾರೆ. ಕೆಲವು ವಾರ ಆಸ್ಪತ್ರೆಯಲ್ಲಿಟ್ಟರು. ಅದರಲ್ಲಿ ಒಂದು ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಸೇರಿತ್ತು. ಹೊರಗೆ ಬಂದವನು ಮತ್ತೆ 52ನೇ ಬೀದಿಯ ಕ್ಲಬ್ಬುಗಳಲ್ಲಿ ನುಡಿಸತೊಡಗಿದ. 1947ರ ಮೇ ತಿಂಗಳಲ್ಲಿ ಪಾರ್ಕರ್, ಟ್ರಂಪೆಟ್‌ನ ಮೈಲ್ಸ್ ಡೇವಿಸ್, ಮ್ಯಾಕ್ಸ್ ರೋಚ್ ಜೊತೆ ‘ಡಾನಾ ಲೀ’ ರೆಕಾರ್ಡ್ ಮಾಡಿದ. ಇವತ್ತಿಗೂ ಜಾಜ್ ಕಲಿಯೋ ಹುಡುಗರ ಬೆರಳು ಪರೀಕ್ಷೆ ಮಾಡೋ ರಚನೆ ಅದು.

ಅದೇ ವರ್ಷ ನವೆಂಬರ್‌ನಲ್ಲಿ ಮದ್ಯದಂಗಡಿಯೊಂದರಲ್ಲಿ ಜಗಳವಾಗಿ ಮತ್ತೆ ತಲೆಗೆ ಪೆಟ್ಟು, ಈ ಸಲ ಬಾಟಲಿಯಿಂದ. ಮತ್ತೆ ಆಸ್ಪತ್ರೆ, ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರೋ ಕ್ರೀಡ್‌ಮೂರ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ. ಈ ಬಾರಿ ಸುಮಾರು 11 ತಿಂಗಳು, ಜೊತೆಗೆ ವಿದ್ಯುತ್ ಆಘಾತ ಚಿಕಿತ್ಸೆ. ಇವತ್ತು ಆ ಚಿಕಿತ್ಸೆಯನ್ನು ಅರಿವಳಿಕೆ ಕೊಟ್ಟು, ರೋಗಿಯ ಒಪ್ಪಿಗೆ ಪಡೆದು ಕೊಡುತ್ತಾರೆ, ಹಲವರಿಗೆ ಅದರಿಂದ ಉಪಯೋಗವೂ ಆಗುತ್ತೆ. 1940ರ ದಶಕದ ಸರ್ಕಾರಿ ಆಸ್ಪತ್ರೆಗಳ ಕತೆ ಬೇರೆ. ಅರಿವಳಿಕೆ ಇಲ್ಲದೆ ಕೊಡೋದು ಆಗ ಮಾಮೂಲು.

ಅದೇ ನವೆಂಬರ್ 21ರಂದು ಮಂಕ್ ತನ್ನ ಗೆಳೆಯನ ಹೆಸರಿನ ಒಂದು ರಚನೆ ರೆಕಾರ್ಡ್ ಮಾಡಿದ: ‘ಇನ್ ವಾಕ್ಡ್ ಬಡ್’. ಬಡ್ ಒಳಗೆ ಬಂದ ಅಂತ ಅರ್ಥ. ಬಡ್ ಬಾಗಿಲು ತೆರೆದು ಕ್ಲಬ್ಬಿಗೆ ಬಂದಾಗಿನ ಸಂಭ್ರಮವನ್ನು ಹಿಡಿದ ಮಟ್ಟು ಅದು. ಅದು ಮುದ್ರಣವಾದ ಆ ತಿಂಗಳೇ ಅವನ ಹಿಂದೆ ಆಸ್ಪತ್ರೆಯ ಬಾಗಿಲು ಮುಚ್ಚಿತ್ತು.

ಎರಡು ಆಸ್ಪತ್ರೆವಾಸಗಳ ನಡುವೆ

ಬಡ್ ಕ್ರೀಡ್‌ಮೂರ್‌ನಿಂದ ಹೊರಬಂದದ್ದು 1948ರ ಅಕ್ಟೋಬರ್‌ನಲ್ಲಿ. ಮುಂದಿನ ದೊಡ್ಡ ಆಸ್ಪತ್ರೆವಾಸ ಶುರುವಾದದ್ದು 1951ರ ಸೆಪ್ಟೆಂಬರ್‌ನಲ್ಲಿ. ಮಧ್ಯೆ ಮೂರು ವರ್ಷವೂ ಇಲ್ಲ, ಅದರಲ್ಲೂ ಸ್ವಲ್ಪ ಕಾಲ ಮತ್ತೆ ಆಸ್ಪತ್ರೆಯಲ್ಲಿ ಕಳೆಯಿತು. ಅವನನ್ನು ಅವನಾಗಿಸಿದ ಕೆಲಸದ ಬಹುಪಾಲು ಈ ಕಿಟಕಿಯಲ್ಲೇ ಇದೆ.

1949ರ ಆರಂಭದಲ್ಲಿ ಬೇಸ್‌ನ ರೇ ಬ್ರೌನ್ ಮತ್ತು ಮ್ಯಾಕ್ಸ್ ರೋಚ್ ಜೊತೆ ಮಾಡಿದ ರೆಕಾರ್ಡಿಂಗ್‌ನಲ್ಲಿ ‘ಟೆಂಪಸ್ ಫ್ಯೂಜಿಟ್’ ಇದೆ, ಜೊತೆಗೆ ಮಗಳ ಹೆಸರಿಟ್ಟ ‘ಸೀಲಿಯಾ’ ಇದೆ. ಅದೇ ವರ್ಷ ಆಗಸ್ಟ್ 9ರಂದು ಬ್ಲೂ ನೋಟ್ ಕಂಪನಿಗೆ ಐದು ಜನರ ತಂಡದೊಂದಿಗೆ ‘ಬೌನ್ಸಿಂಗ್ ವಿತ್ ಬಡ್’, ‘ಡ್ಯಾನ್ಸ್ ಆಫ್ ದಿ ಇನ್ಫಿಡೆಲ್ಸ್’. ಆ ತಂಡದಲ್ಲಿ ಟ್ರಂಪೆಟ್‌ಗೆ ಫ್ಯಾಟ್ಸ್ ನವಾರೋ, ಡ್ರಮ್ಸ್‌ಗೆ ರಾಯ್ ಹೇನ್ಸ್, ಸ್ಯಾಕ್ಸೋಫೋನ್‌ಗೆ ಇನ್ನೂ 18 ವರ್ಷದ ಸನ್ನಿ ರಾಲಿನ್ಸ್.

1951ರ ಮೇ 1ರಂದು ಬಡ್, ಕರ್ಲಿ ರಸೆಲ್, ಮ್ಯಾಕ್ಸ್ ರೋಚ್ ಮತ್ತೆ ಒಂದಾದರು. ಅವತ್ತಿನ ‘ಉನ್ ಪೋಕೋ ಲೋಕೋ’ಗೆ ಸ್ಪ್ಯಾನಿಷ್‌ನಲ್ಲಿ ‘ಸ್ವಲ್ಪ ಹುಚ್ಚು’ ಅಂತ ಅರ್ಥ. ಹೆಸರು ನೋಡಿ ಮೋಸ ಹೋಗಬಾರದು. ಈ ರಚನೆಯ 3 ಟೇಕ್‌ಗಳು ಉಳಿದುಬಂದಿವೆ, ಮೂರೂ ಇವತ್ತು ಕೇಳೋಕೆ ಸಿಗುತ್ತವೆ. ಒಂದಾದ ಮೇಲೆ ಒಂದು ಕೇಳಿದರೆ ಕಾಣೋದು ಹುಚ್ಚಲ್ಲ, ತಿದ್ದುವಿಕೆ. ಮ್ಯಾಕ್ಸ್ ರೋಚ್ ಬಾರಿಸೋ ಹಸುವಿನ ಗಂಟೆಯ ಲಯ ಟೇಕ್‌ನಿಂದ ಟೇಕ್‌ಗೆ ಗಟ್ಟಿಯಾಗುತ್ತೆ, ಬಡ್‌ನ ಸೋಲೋ ಪ್ರತಿ ಸಲವೂ ಹೊಸದು. ಇಡೀ ಸೋಲೋ ಭಾಗದಲ್ಲಿ ಕಾರ್ಡ್ ಬದಲಾಗುವುದೇ ಇಲ್ಲ ಅನ್ನಬಹುದು. ಒಂದೇ ಆಧಾರದ ಮೇಲೆ ನಿಂತು ಬೆಳೆಸುತ್ತಾ ಹೋಗುತ್ತಾನೆ. ಶ್ರುತಿ ಕದಲದ ಸಂಗೀತ ಕೇಳಿ ಬೆಳೆದ ನಮ್ಮ ಕಿವಿಗೆ ಜಾಜ್‌ನ ಒಳಗೆ ಹೋಗೋಕೆ ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ ಅನ್ನಿಸುತ್ತೆ.

ಆ ಮೇ ಆಗಿ ಮೂರೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಪೊಲೀಸರು ಮಾದಕವಸ್ತು ಪ್ರಕರಣದಲ್ಲಿ ಬಡ್ ಮತ್ತು ಮಂಕ್ ಇಬ್ಬರನ್ನೂ ಬಂಧಿಸಿದರು. ಮಂಕ್ ಗೆಳೆಯನ ವಿರುದ್ಧ ಸಾಕ್ಷಿ ಹೇಳಲು ಒಪ್ಪಲಿಲ್ಲ. ಆ ಕಾಲದಲ್ಲಿ ನ್ಯೂಯಾರ್ಕ್‌ನ ಮದ್ಯ ಮಾರೋ ಕ್ಲಬ್ಬುಗಳಲ್ಲಿ ನುಡಿಸೋಕೆ ಪೊಲೀಸರು ಕೊಡೋ ಒಂದು ಪರವಾನಗಿ ಬೇಕಿತ್ತು. ಮಂಕ್‌ನ ಪರವಾನಗಿ ಹೋಯಿತು, ಸುಮಾರು 6 ವರ್ಷ ಸ್ವಂತ ಊರಿನ ಕ್ಲಬ್ಬುಗಳಲ್ಲಿ ನುಡಿಸೋ ಹಾಗಿರಲಿಲ್ಲ. ಬಡ್ ಮತ್ತೆ ಆಸ್ಪತ್ರೆ ಸೇರಿದ. ಹೊರಗೆ ಬಂದದ್ದು 1953ರ ಫೆಬ್ರವರಿಯಲ್ಲಿ.

ಗಾಜಿನ ಗೂಡು

ಹೊರಗೆ ಬಂದ ಅನ್ನೋದೂ ಅರ್ಧ ಸತ್ಯವೇ. ಅವನನ್ನು ಬಿಟ್ಟದ್ದು ಇನ್ನೊಬ್ಬರ ಕಾನೂನುಬದ್ಧ ಪೋಷಕತ್ವದಲ್ಲಿ. ಪೋಷಕ ಯಾರು? ಅವನು ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಕ್ಲಬ್ಬನ್ನು ನಡೆಸುತ್ತಿದ್ದ ಆಸ್ಕರ್ ಗುಡ್‌ಸ್ಟೀನ್. 28 ವರ್ಷದ ಮನುಷ್ಯನೊಬ್ಬನ ಕೆಲಸ, ಸಂಪಾದನೆ, ಓಡಾಟ ಎಲ್ಲ ಅವನಿಗೆ ಕೆಲಸ ಕೊಡೋ ಕ್ಲಬ್ಬಿನವರ ಕೈಯಲ್ಲೇ. ಆ ವರ್ಷ ಆಗಸ್ಟ್‌ನಲ್ಲಿ ಅವನು ರೆಕಾರ್ಡ್ ಮಾಡಿದ ಒಂದು ರಚನೆಯ ಹೆಸರು ‘ಗ್ಲಾಸ್ ಎನ್‌ಕ್ಲೋಷರ್’, ಗಾಜಿನ ಆವರಣ. ತನ್ನನ್ನು ಇರಿಸಿದ್ದ ಮನೆಯೇ ಆ ಗಾಜಿನ ಗೂಡು ಅಂತ ಹೇಳುತ್ತಾರೆ. ಅದರಲ್ಲಿ ಜಾಜ್‌ನ ಮಾಮೂಲಿ ಸೋಲೋ ಸುತ್ತುಗಳಿಲ್ಲ. ಒಂದು ಭಾವದಿಂದ ಇನ್ನೊಂದಕ್ಕೆ ತಟ್ಟನೆ ತಿರುಗೋ, ಬರೆದು ಕಟ್ಟಿದ ಕೃತಿ.

ಅದಕ್ಕೂ ಮುಂಚೆ, 1953ರ ಮೇ 15ರಂದು, ಕೆನಡಾದ ಟೊರಾಂಟೊದಲ್ಲಿ ಒಂದು ಕಛೇರಿ ನಡೆಯಿತು. ಮ್ಯಾಸಿ ಹಾಲ್‌ನಲ್ಲಿ ಪಾರ್ಕರ್, ಗಿಲೆಸ್ಪಿ, ಬಡ್, ಬೇಸ್‌ನ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಐವರೂ ಒಂದೇ ವೇದಿಕೆಯ ಮೇಲೆ. ಅದೇ ರಾತ್ರಿ ರಾಕಿ ಮಾರ್ಸಿಯಾನೋ ಮತ್ತು ಜೋ ವಾಲ್ಕಾಟ್ ನಡುವೆ ಹೆವಿವೇಟ್ ಬಾಕ್ಸಿಂಗ್ ಪಂದ್ಯ ಇತ್ತು, ಸಭಾಂಗಣದ ಎಷ್ಟೋ ಕುರ್ಚಿ ಖಾಲಿ. ಪಾರ್ಕರ್ ನುಡಿಸಿದ್ದು ಪ್ಲಾಸ್ಟಿಕ್ ಸ್ಯಾಕ್ಸೋಫೋನ್. ಇಷ್ಟೆಲ್ಲ ಅಡ್ಡಿ ಇದ್ದರೂ ಆ ರಾತ್ರಿಯ ಮುದ್ರಣವನ್ನು ಜಾಜ್ ಇತಿಹಾಸದ ಅತಿ ದೊಡ್ಡ ಕಛೇರಿ ಅಂತ ಇವತ್ತೂ ಕರೆಯುತ್ತಾರೆ. ಬಡ್ ಆಸ್ಪತ್ರೆಯಿಂದ ಹೊರಬಂದು ಮೂರು ತಿಂಗಳಾಗಿತ್ತು ಅಷ್ಟೆ. ಕೇಳಿದರೆ ಗೊತ್ತಾಗೋದಿಲ್ಲ.

ಆಮೇಲಿನ ವರ್ಷಗಳಲ್ಲಿ ಗೊತ್ತಾಗುತ್ತೆ. ಕೆಲವು ದಿನ ಹಳೆಯ ಬಡ್, ಕೆಲವು ದಿನ ಬೆರಳು ಮಾತು ಕೇಳದ ಬಡ್. 1956ರ ಜೂನ್‌ನಲ್ಲಿ ತಮ್ಮ ರಿಚಿ, ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಜೊತೆ ಪ್ರಯಾಣ ಮಾಡುತ್ತಿದ್ದಾಗ ಪೆನ್ಸಿಲ್ವೇನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ.

ಪ್ಯಾರಿಸ್

1959ರಲ್ಲಿ ಬಡ್ ಪ್ಯಾರಿಸ್‌ಗೆ ಹೋದ. ಜೊತೆಗೆ ಸಂಗಾತಿ ಬಟರ್‌ಕಪ್ ಮತ್ತು ಆಕೆಯ ಮಗ. ಜನಾಂಗದ ಕಾರಣಕ್ಕೆ ದಿನನಿತ್ಯ ಅವಮಾನ ತಿನ್ನೋದು ಅಲ್ಲಿ ಕಮ್ಮಿ ಅಂತ ಆಗ ಎಷ್ಟೋ ಆಫ್ರಿಕನ್ ಅಮೆರಿಕನ್ ಕಲಾವಿದರು ಆ ಊರಿಗೆ ಹೋಗುತ್ತಿದ್ದರು. ಕೆನ್ನಿ ಕ್ಲಾರ್ಕ್ ಮೊದಲೇ ಅಲ್ಲಿ ನೆಲೆಸಿದ್ದ. ಅವನು, ಫ್ರೆಂಚ್ ಬೇಸ್ ವಾದಕ ಪಿಯೆರ್ ಮಿಷಲೋ ಮತ್ತು ಬಡ್ ಸೇರಿ ತಂಡ ಕಟ್ಟಿದರು. 1963ರಲ್ಲಿ ಇದೇ ಮೂವರು ಸ್ಯಾಕ್ಸೋಫೋನ್ ವಾದಕ ಡೆಕ್ಸ್‌ಟರ್ ಗಾರ್ಡನ್‌ನ ‘ಅವರ್ ಮ್ಯಾನ್ ಇನ್ ಪ್ಯಾರಿಸ್’ ಆಲ್ಬಮ್‌ನಲ್ಲಿ ಅವನಿಗೆ ಜೊತೆ ನುಡಿಸಿದರು.

ಪ್ಯಾರಿಸ್‌ನಲ್ಲಿ ಬಡ್‌ಗೆ ಒಬ್ಬ ಗೆಳೆಯ ಸಿಕ್ಕಿದ: ಫ್ರಾನ್ಸಿಸ್ ಪೋದ್ರಾ. ಜಾಹೀರಾತು ಚಿತ್ರ ಬರೆದು ಬದುಕುತ್ತಿದ್ದ ಯುವಕ, ಬಡ್‌ನ ಸಂಗೀತದ ಅಭಿಮಾನಿ. ಬಡ್‌ನ ಸ್ಥಿತಿ ನೋಡಿ ತನ್ನ ಮನೆಗೇ ಕರೆದುಕೊಂಡು ಬಂದ. ಹೊತ್ತಿಗೆ ಸರಿಯಾಗಿ ಊಟ, ಮಲಗೋಕೆ ಜಾಗ, ಕುಡಿತದ ಮೇಲೆ ಕಣ್ಣು, ನುಡಿಸೋಕೆ ಪಿಯಾನೋ. 1963ರಲ್ಲಿ ಕ್ಷಯರೋಗ ಬಂದಾಗ ನೋಡಿಕೊಂಡವನೂ ಅವನೇ. ಆರೋಗ್ಯ ಒಂದು ಹಂತಕ್ಕೆ ಬಂದ ಮೇಲೆ 1964ರ ಆಗಸ್ಟ್‌ನಲ್ಲಿ ಇಬ್ಬರೂ ನ್ಯೂಯಾರ್ಕ್‌ಗೆ ಹೋದರು. ಬರ್ಡ್‌ಲ್ಯಾಂಡ್‌ನಲ್ಲಿ ಬಡ್ ಮತ್ತೆ ನುಡಿಸಿದ. ವಾಪಸ್ ಬರುವಾಗ ಮಾತ್ರ ಪೋದ್ರಾ ಒಬ್ಬನೇ ಬಂದ. ಬಡ್ ಅಲ್ಲೇ ಉಳಿದ.

ಎರಡು ವರ್ಷಕ್ಕೆ, 1966ರ ಜುಲೈ 31ರಂದು, ಬ್ರೂಕ್ಲಿನ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಕ್ಷಯ, ಕುಡಿತ, ಅಪೌಷ್ಟಿಕತೆ ಮೂರೂ ಸೇರಿತ್ತು. ಹಾರ್ಲೆಮ್‌ನಲ್ಲಿ ನಡೆದ ಅಂತ್ಯಯಾತ್ರೆಗೆ ಸಾವಿರಾರು ಜನ ಬಂದಿದ್ದರು.

ಪೋದ್ರಾ ಈ ಗೆಳೆತನದ ಬಗ್ಗೆ 1986ರಲ್ಲಿ ಪುಸ್ತಕ ಬರೆದ. ಅವರಿಬ್ಬರ ಕತೆ ಮತ್ತು ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್‌ನ ಬದುಕು ಎರಡನ್ನೂ ಬೆರೆಸಿ ಬರ್ಟ್ರಾಂಡ್ ತಾವೆರ್ನಿಯೆ ಅದೇ ವರ್ಷ ‘ರೌಂಡ್ ಮಿಡ್‌ನೈಟ್’ ಸಿನಿಮಾ ಮಾಡಿದ. ಅದರ ನಾಯಕ ಡೆಕ್ಸ್‌ಟರ್ ಗಾರ್ಡನ್. ಅದರ ಸಂಗೀತಕ್ಕೆ ಹರ್ಬಿ ಹ್ಯಾನ್‌ಕಾಕ್‌ಗೆ ಆಸ್ಕರ್ ಬಂತು.

ಹುಚ್ಚಿನಿಂದ ಬಂದ ಪ್ರತಿಭೆಯೇ?

ಈಗ ಆ ಹಳೆಯ ಕತೆಗೆ ಮರಳೋಣ. ಪ್ರತಿಭೆಗೆ ಹುಚ್ಚು ಬೇಕು, ನೋವಿಲ್ಲದೆ ಕಲೆ ಇಲ್ಲ ಅಂತ ನಾವೆಲ್ಲ ಎಲ್ಲೋ ಒಂದು ಕಡೆ ಒಪ್ಪಿಕೊಂಡುಬಿಟ್ಟಿದ್ದೇವೆ. ನಮ್ಮ ಲ್ಯಾಬ್‌ಗಳಲ್ಲೂ ಇದರದೇ ಒಂದು ಮರಿ ಓಡಾಡಿಕೊಂಡಿದೆ: ನಿದ್ದೆ ಬಿಟ್ಟವನೇ ದೊಡ್ಡ ಸಂಶೋಧಕ, ಒಳಗೊಳಗೇ ಬೇಯುತ್ತಿದ್ದರೂ ಸರಿ, ಪೇಪರ್ ಬಂದರಾಯಿತು.

ಬಡ್‌ನ ತಾರೀಖುಗಳು ಇದಕ್ಕೆ ಸಾಕ್ಷಿ ಹೇಳೋದಿಲ್ಲ. ಅವನ ಕೈ, ಅವನ ಕಿವಿ, ಎಡಗೈಯ ಸಮಸ್ಯೆಗೆ ಕಂಡುಕೊಂಡ ಉತ್ತರ ಇವೆಲ್ಲದರ ಬೇರು ಇರೋದು 1945ಕ್ಕೂ ಮೊದಲಿನ ಹದಿನೈದು ವರ್ಷದ ಪಾಠದಲ್ಲಿ, ಮಿಂಟನ್ಸ್‌ನ ರಾತ್ರಿಗಳಲ್ಲಿ. ಅವನ ಅತ್ಯುತ್ತಮ ರೆಕಾರ್ಡಿಂಗ್‌ಗಳು ಇರೋದು ಅವನು ಹೊರಗಿದ್ದಾಗ, ಕೆಲಸ ಮಾಡುವಷ್ಟು ಚೆನ್ನಾಗಿದ್ದಾಗ, ಮ್ಯಾಕ್ಸ್ ರೋಚ್‌ನಂಥ ಸಂಗಡಿಗರ ನಡುವೆ ಇದ್ದಾಗ. ಕಾಯಿಲೆ ಹೆಚ್ಚಾದ ಕಡೆ ಸಂಗೀತ ಕಮ್ಮಿಯಾಗಿದೆ. ಆಸ್ಪತ್ರೆಯಲ್ಲಿ ಕಳೆದ ತಿಂಗಳುಗಳನ್ನು ಕೂಡಿಸಿದರೆ ನಮಗೆ ಸಿಗೋದು ನಾವು ಕೇಳದೇ ಹೋದ ಸಂಗೀತದ ಲೆಕ್ಕ. ಅದಕ್ಕೆ ‘ಪ್ರತಿಭೆಯ ಬೆಲೆ’ ಅಂತ ಚೆಂದದ ಹೆಸರಿಟ್ಟರೆ, ಆ ಲಾಠಿ ಹಿಡಿದ ಕೈ, ಆ ಗಾಜಿನ ಗೂಡು ಎಲ್ಲ ಸಲೀಸಾಗಿ ಪಾರಾಗಿಬಿಡುತ್ತವೆ.

ಅವನಿಗೆ ಸಹಾಯ ಆದದ್ದು ಯಾವುದರಿಂದ ಅಂತ ನೋಡಿದರೆ ಎಲ್ಲವೂ ಸಾಧಾರಣ ಸಂಗತಿಗಳೇ. ಪರ ನಿಂತು ಮಾತಾಡಿದ ಮಂಕ್, ಹೊತ್ತಿಗೆ ಊಟ ಹಾಕಿದ ಪೋದ್ರಾ. ಮನೆಯಿಂದ ಇಷ್ಟು ದೂರ ಬಂದು, ಫೋನಿನಲ್ಲಿ ಅಮ್ಮನಿಗೆ ‘ಎಲ್ಲಾ ಚೆನ್ನಾಗಿದೆ’ ಅಂತಲೇ ಹೇಳಿ ಇಡೋ ನಮಗೆ ಇದು ದೂರದ ಮಾತಲ್ಲ. ಪಕ್ಕದ ರೂಮಿನವರು ಎರಡು ದಿನ ಊಟಕ್ಕೆ ಕಾಣದಿದ್ದರೆ ಬಾಗಿಲು ತಟ್ಟೋಣ. ಕ್ಯಾಂಪಸ್ಸಿನ ಆಪ್ತಸಲಹಾ ಕೇಂದ್ರಕ್ಕೆ ಒಬ್ಬರೇ ಹೋಗೋಕೆ ಹಿಂಜರಿದರೆ ಬಾಗಿಲವರೆಗೆ ಜೊತೆಗೆ ನಡೆಯೋಣ.

ಎಲ್ಲಿಂದ ಕೇಳೋಕೆ ಶುರು ಮಾಡೋದು?

ಒಂದು ಸಂಜೆಗೆ ನಾಲ್ಕು ಸಾಕು. ಮೊದಲು ‘ಸೀಲಿಯಾ’, ಮಟ್ಟು ಸುಲಭವಾಗಿ ಕಿವಿಗೆ ಹತ್ತುತ್ತೆ. ಆಮೇಲೆ ‘ಟೆಂಪಸ್ ಫ್ಯೂಜಿಟ್’. ಅದರಲ್ಲಿ ಬಲಗೈಯ ಹಿಂದೆ ಓಡಬೇಡಿ, ಸಿಗೋದಿಲ್ಲ. ಎಡಗೈ ಎಲ್ಲೆಲ್ಲಿ ಸುಮ್ಮನಿದೆ ಅಂತ ಮಾತ್ರ ಕೇಳಿ. ಮೂರನೆಯದು 1951ರ ‘ಓವರ್ ದಿ ರೇನ್‌ಬೋ’. ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ಬಡ್ ಒಬ್ಬನೇ. ಇಲ್ಲಿ ಎಡಗೈಗೂ ಕೈತುಂಬಾ ಕೆಲಸ, ಟೇಟಮ್‌ನ ನೆರಳು ಸ್ಪಷ್ಟ. ಕೊನೆಗೆ ‘ಉನ್ ಪೋಕೋ ಲೋಕೋ’ದ 3 ಟೇಕ್‌ಗಳು, ಬರೆದ ಕ್ರಮದಲ್ಲೇ, ಸ್ಕಿಪ್ ಮಾಡದೆ. ದಯವಿಟ್ಟು ಅಸೈನ್‌ಮೆಂಟ್ ಬದಿಗಿಟ್ಟು ಕೇಳಿ.